ಕಿವಿಗೆ ಎಷ್ಟು ವ್ಯಾಟು ಬೇಕು?

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಕಿವಿಯಿಂದಲೇ ಕಾಯಿಯ ಒಳಗನ್ನು ಕಾಣುವವರು ಮನೆಗೊಬ್ಬರಾದರೂ ಇರುತ್ತಾರೆ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು ಕಳೆದ ಮೇಲೆ ಮನೆಯ ಹಿರಿಯರು ಕಾಯನ್ನು ಕೈಗೆತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸುವರು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗಿಟುಕಾಗಿದ್ದರೆ ಲೊಡಲೊಡನೆ ಸದ್ದಾಗುತ್ತದೆ. ಇಲ್ಲದಿದ್ದರೆ ಕಾಯಿ ಮತ್ತೆ ಅಟ್ಟಕ್ಕೆ ಹೋಗುತ್ತದೆ. ಈ ಪರೀಕ್ಷೆಗೆ ಯಂತ್ರವಿಲ್ಲ, ಖರ್ಚಿಲ್ಲ. ಬೇಕಾದುದು ಅನುಭವವುಳ್ಳ ಕಿವಿ ಮತ್ತು ಏನನ್ನು ಕೇಳಬೇಕೆಂಬ ತಿಳಿವಳಿಕೆ, ಇವೆರಡೇ.

ಇಂಥ ಸೀಮೆಯ ತರುಣರು, ಕಿವಿಗೇ ಸಂಬಂಧಿಸಿದ ಒಂದು ಸಾಮಾನನ್ನು ಕೊಳ್ಳುವಾಗ ಮಾತ್ರ ಏನನ್ನು ಕೇಳಬೇಕೆಂದು ತಿಳಿಯದೆ ಹಣ ಕಳೆದುಕೊಳ್ಳುತ್ತಿರುವುದನ್ನು ನಾವು ಕಂಡಿದ್ದೇವೆ. ಆ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ವರ್ಷ ಚಿಕ್ಕನಾಯಕನಹಳ್ಳಿಯ ಕಡೆಯ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ನಮ್ಮ ವಿದ್ಯಾರ್ಥಿಯೊಬ್ಬನು ಬಟ್ಟೆಯ ಚೀಲವೊಂದನ್ನು ಹಿಡಿದು ಪ್ರಯೋಗಶಾಲೆಗೆ ಬಂದನು. ಅದರೊಳಗೆ ಒಂದು ಹಳೆಯ ಹೆಡ್‌ಫೋನು ಇದ್ದಿತು. ಬೆಂಗಳೂರಿನಲ್ಲಿ ಧ್ವನಿಮುದ್ರಣದ ಕೆಲಸದಲ್ಲಿದ್ದ ಅವನ ಸೋದರಮಾವ ಅದನ್ನು ಬಹುಕಾಲ ಬಳಸಿ, ಈಗ ಅಳಿಯನಿಗೆ ಕೊಟ್ಟಿದ್ದರು. ಅದರ ಮೇಲೆ ‘೬೦೦ ಓಮ್’ ಎಂದು ಅಚ್ಚಾಗಿದ್ದಿತು. ಮೊಬೈಲು ಫೋನಿಗೆ ಸಿಕ್ಕಿಸಿದರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಕ್ಷೀಣವಾದ ಧ್ವನಿ ಮಾತ್ರ ಬರುತ್ತಿತ್ತು. ಇದು ಬಹಳ ‘ಕಷ್ಟದ’ ಹೆಡ್‌ಫೋನೆಂದೂ, ಭಾರಿ ಆಂಪ್ಲಿಫಯರ್ ಇಲ್ಲದೆ ಇದು ಹಾಡದೆಂದೂ ಯಾರೋ ಅವನಿಗೆ ಹೇಳಿದ್ದರು. ಆ ಭಾರಿ ಆಂಪ್ಲಿಫಯರಿನ ಬೆಲೆ ಹದಿನೆಂಟು ಸಾವಿರ ರೂಪಾಯಿ.

“ಈ ಸಲದ ಕೊಬ್ಬರಿ ಹಣದಲ್ಲಿ ಕೊಡಿಸುತ್ತೇನೆ ಅಂದಿದ್ದಾರೆ ಸಾರ್ ನಮ್ಮಪ್ಪ. ತೆಗೆದುಕೊಳ್ಳಲೇ?” ಎಂದು ಅವನು ಕೇಳಿದನು.

ಕೊಬ್ಬರಿಯ ಹಣವೆಂದರೆ ಏನೆಂಬುದನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಕಾಯಿ ಕೆಡವಿ, ಅಟ್ಟಕ್ಕೆ ಹೊತ್ತು, ವರ್ಷವೆಲ್ಲ ಕಾದು, ಸುಲಿದು, ಒಡೆದು, ಮಾರುಕಟ್ಟೆಗೆ ಸಾಗಿಸಿದ ಮೇಲೆ ಕೈಗೆ ಬರುವ ಹಣ ಅದು. ಅದರಲ್ಲಿ ಹದಿನೆಂಟು ಸಾವಿರವನ್ನು ಒಂದು ಪೆಟ್ಟಿಗೆಗೆ ಕೊಡುವ ಮುನ್ನ ಅರ್ಧ ಗಂಟೆ ಲೆಕ್ಕ ಹಾಕುವುದು ನ್ಯಾಯವಲ್ಲವೇ? “ನಾಳೆ ಒಂದು ಹಾಳೆ, ಪೆನ್ಸಿಲು ತೆಗೆದುಕೊಂಡು ಬಾರಪ್ಪ, ಕೊಳ್ಳುವ ಮಾತು ಆಮೇಲೆ” ಎಂದು ಹೇಳಿ ಅವನನ್ನು ಕಳುಹಿಸಿದೆವು.

ನಾವು ಹೀಗೆ ಹೇಳಿದುದಕ್ಕೆ ನಮ್ಮದೇ ಒಂದು ಹಳೆಯ ತಪ್ಪು ಕಾರಣ. ಕೆಲವು ವರ್ಷಗಳ ಹಿಂದೆ ಹಳೆಯ ಸಾಮಾನುಗಳ ಕೋಣೆಯಲ್ಲಿ ನಮಗೆ ಹೆಚ್ಚು ಓಮಿನ ಕೆಲವು ಹೆಡ್‌ಫೋನುಗಳು ದೊರೆತಿದ್ದವು. ಅವುಗಳನ್ನು ನುಡಿಸಬೇಕೆಂಬ ಉತ್ಸಾಹದಲ್ಲಿ, ವ್ಯಾಟು ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸಿ, ಲೌಡ್‌ಸ್ಪೀಕರುಗಳಿಗಾಗಿ ಮಾಡಿದ ‘೨೦೦ ವ್ಯಾಟು’ ಎಂಬ ಚೀಟಿಯುಳ್ಳ ಆಂಪ್ಲಿಫಯರೊಂದನ್ನು ನಮ್ಮ ಕೈಹಣದಿಂದಲೇ ತಂದೆವು. ಜೋಡಿಸಿದಾಗ ಮೊದಲು ಕೇಳಿಬಂದದ್ದು ಸಂಗೀತವಲ್ಲ; ಜೇನುಗೂಡಿಗೆ ಕಲ್ಲು ಹೊಡೆದಂತಹ ಗುಂಯ್ ಎಂಬ ಸದ್ದು. ಧ್ವನಿಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಕಿವಿ ಸಿಡಿಯುವಂತಹ ಅಬ್ಬರ. ಭೌತಶಾಸ್ತ್ರ ಹೇಳುವ ನಾವೇ ಲೆಕ್ಕ ಹಾಕದೆ ಕೊಂಡಿದ್ದೆವು. ಆ ದಿನ ಕಲಿತ ಪಾಠವನ್ನು ಮರೆತಿಲ್ಲ.

ಈಗ ಮೊದಲನೆಯ ಪ್ರಶ್ನೆ. ಹೆಡ್‌ಫೋನು ‘ಕಷ್ಟದ್ದು’ ಎಂದರೆ ಏನರ್ಥ? ಓಮುಗಳ ಸಂಖ್ಯೆ ಹೆಚ್ಚಾದರೆ ಕಷ್ಟ ಹೆಚ್ಚು ಎಂಬುದು ಸಾಮಾನ್ಯ ನಂಬಿಕೆ. ಇತಿಹಾಸವನ್ನು ನೋಡಿದರೆ ಇದು ತಲೆಕೆಳಗಾದ ನಂಬಿಕೆಯೆಂದು ತಿಳಿಯುತ್ತದೆ. ಅಮೆರಿಕದ ನಥಾನಿಯಲ್ ಬಾಲ್ಡ್ವಿನ್ ಎಂಬಾತನು ತನ್ನ ಅಡಿಗೆಮನೆಯಲ್ಲಿಯೇ ಹೆಡ್‌ಫೋನುಗಳನ್ನು ತಯಾರಿಸಿ ೧೯೧೦ರಲ್ಲಿ ಅಲ್ಲಿನ ನೌಕಾಪಡೆಗೆ ಕಳುಹಿಸಿದನು. ಆ ಬಳಿಕ ಬಂದ ರೇಡಿಯೋ ಯುಗದಲ್ಲಿ ಎರಡು ಸಾವಿರ, ನಾಲ್ಕು ಸಾವಿರ ಓಮಿನ ಹೆಡ್‌ಫೋನುಗಳು ಸರ್ವಸಾಮಾನ್ಯವಾದವು. ನಮ್ಮ ಜಗದೀಶಚಂದ್ರ ಬೋಸರು ೧೯೦೧ರಲ್ಲಿ ಅರ್ಜಿ ಸಲ್ಲಿಸಿ ೧೯೦೪ರಲ್ಲಿ ಪೇಟೆಂಟು ಪಡೆದ ಗೆಲೀನಾ ಹರಳಿನ ಶೋಧಕವು ಮುಂದೆ ‘ಹರಳು ರೇಡಿಯೋ’ ಎಂದು ಪ್ರಸಿದ್ಧವಾದ ಸಾಧನದ ಪೂರ್ವಜ. ಹರಳು ರೇಡಿಯೋವಿಗೆ ಬ್ಯಾಟರಿಯಿಲ್ಲ, ಆಂಪ್ಲಿಫಯರಿಲ್ಲ. ಆಂಟೆನಾ ತಂತಿಗೆ ತಗುಲಿದ ಅಲೆಯ ಅತ್ಯಲ್ಪ ಶಕ್ತಿಯೇ ಕಿವಿಯಲ್ಲಿ ಮಾತಾಗಬೇಕು. ಅಷ್ಟು ಕ್ಷೀಣವಾದ ವಿದ್ಯುತ್ಪ್ರವಾಹದಿಂದ ಸಾಕಷ್ಟು ಕಾಂತಬಲವನ್ನು ಪಡೆಯಲು ಕೂದಲಿನಂತಹ ತಂತಿಯನ್ನು ಸಾವಿರಾರು ಸುತ್ತು ಸುತ್ತುತ್ತಿದ್ದರು. ತಂತಿ ತೆಳುವಾಗಿ ಉದ್ದವಾದುದರಿಂದ ಓಮುಗಳ ಸಂಖ್ಯೆ ಏರಿತು. ಹೆಚ್ಚು ಓಮಿನ ಹೆಡ್‌ಫೋನು ಆ ಕಾಲದಲ್ಲಿ ಎಲ್ಲಕ್ಕಿಂತ ಸುಲಭವಾದ ಹೆಡ್‌ಫೋನಾಗಿದ್ದಿತು!

ಆ ಮೇಲೆ ಧ್ವನಿವರ್ಧಕಗಳಲ್ಲಿರುವಂತೆ ಕಾಂತದ ನಡುವೆ ಸುರುಳಿ ಕಂಪಿಸುವ ಹೆಡ್‌ಫೋನುಗಳು ಬಂದವು. ಜರ್ಮನಿಯ ಬೇಯರ್ ಸಂಸ್ಥೆಯ ಡಿ.ಟಿ. ೪೮ ಎಂಬುದು ೧೯೩೭ರಲ್ಲಿಯೇ ಹೊರಬಂದಿತು. ಸೆನ್‌ಹೈಸರ್ ಸಂಸ್ಥೆ ೧೯೬೮ರಲ್ಲಿ ತಂದ, ಹಳದಿ ಸ್ಪಂಜಿನ ಹೆಚ್.ಡಿ. ೪೧೪ ಎಂಬುದು ೨೦೦೦ ಓಮಿನದು. ವಿಯೆನ್ನಾದ ಎ.ಕೆ.ಜಿ. ಸಂಸ್ಥೆಯ ಕೆ. ೨೪೦ ಎಂಬ ಹಳೆಯ ಸ್ಟುಡಿಯೋ ಹೆಡ್‌ಫೋನು ೬೦೦ ಓಮಿನದು. ಆ ಕಾಲದ ಧ್ವನಿಮುದ್ರಣಾಲಯಗಳ ಯಂತ್ರಗಳು ಅನೇಕ ವೋಲ್ಟುಗಳನ್ನು ಸಲೀಸಾಗಿ ಕೊಡುತ್ತಿದ್ದುದರಿಂದ ಇವು ಅಲ್ಲಿ ಯಾರಿಗೂ ಕಷ್ಟವೆನಿಸಲಿಲ್ಲ. ಇಂದಿನ ಮೊಬೈಲು ಫೋನಾದರೋ ನಾಲ್ಕು ವೋಲ್ಟಿಗೂ ಕಡಿಮೆಯ ಬ್ಯಾಟರಿಯಿಂದ ನಡೆಯುವಂಥದು. ಅದು ಕಿವಿಯ ಸಾಕೆಟ್ಟಿಗೆ ಕೊಡುವುದು ಅರ್ಧ ವೋಲ್ಟು, ಹೆಚ್ಚೆಂದರೆ ಒಂದು ವೋಲ್ಟು. ಅದಕ್ಕೆ ಹೊಂದುವಂತೆ ಈಗಿನ ಹೆಡ್‌ಫೋನುಗಳನ್ನು ೧೬ ಅಥವಾ ೩೨ ಓಮಿಗೆ ತಯಾರಿಸುತ್ತಾರೆ. ಆದುದರಿಂದ ಕಷ್ಟವೆಂಬುದು ಹೆಡ್‌ಫೋನಿನ ಗುಣವಲ್ಲ. ಅದನ್ನೂ ಅದನ್ನು ನುಡಿಸುವ ಯಂತ್ರವನ್ನೂ ಸೇರಿಸಿದ ಜೋಡಿಯ ಗುಣ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಲೇಖನದ ಮುಕ್ಕಾಲು ಪಾಲು ಕೆಲಸವಾದಂತೆ.

ಇದಕ್ಕೆ ನಮ್ಮ ತೋಟಗಳಲ್ಲಿಯೇ ಉತ್ತಮವಾದ ಹೋಲಿಕೆಯುಂಟು. ಆಳವಾದ ಕೊಳವೆಬಾವಿಗೆ ಇಳಿಬಿಡುವ ಪಂಪನ್ನೂ, ಕೆರೆಯ ದಡದಲ್ಲಿ ಕೂಡಿಸುವ ಪಂಪನ್ನೂ ಎಲ್ಲರೂ ನೋಡಿದ್ದೀರಿ. ಎರಡರ ಮೇಲೂ ಐದು ಅಶ್ವಶಕ್ತಿಯೆಂದೇ ಬರೆದಿರಬಹುದು. ಆದರೆ ಮೊದಲನೆಯದು ಸ್ವಲ್ಪ ನೀರನ್ನು ಬಹಳ ಎತ್ತರಕ್ಕೆ ಏರಿಸುತ್ತದೆ. ಎರಡನೆಯದು ಬಹಳ ನೀರನ್ನು ಸ್ವಲ್ಪ ಎತ್ತರಕ್ಕೆ ಏರಿಸುತ್ತದೆ. ಕೆರೆಯ ಪಂಪಿನಿಂದ ಐನೂರು ಅಡಿ ಆಳದ ನೀರನ್ನು ಎತ್ತಲಾಗದಿದ್ದರೆ ಕೊಳವೆಬಾವಿಯನ್ನು ಯಾರೂ ದೂರುವುದಿಲ್ಲ. ವಿದ್ಯುತ್ತಿನಲ್ಲಿ ವೋಲ್ಟೇಜು ಎತ್ತರವಿದ್ದಂತೆ, ಪ್ರವಾಹವು ನೀರಿನ ಮೊತ್ತವಿದ್ದಂತೆ. ೬೦೦ ಓಮಿನ ಹೆಡ್‌ಫೋನು ಕೊಳವೆಬಾವಿಯ ಜಾತಿಯದು. ಅದಕ್ಕೆ ವೋಲ್ಟೇಜು ಬೇಕು, ಪ್ರವಾಹ ಹೆಚ್ಚು ಬೇಡ. ಹಿಂದಿನ ಕಾಲದ, ಚಪ್ಪಟೆಯಾದ ಪೊರೆಯ ಮೇಲೆ ತಂತಿಯನ್ನು ಹಾಸಿದ ಕೆಲವು ಹೆಡ್‌ಫೋನುಗಳು ಕಡಿಮೆ ಓಮಿನವಾದರೂ ಪ್ರವಾಹವನ್ನು ಹೆಚ್ಚಾಗಿ ಬೇಡುತ್ತವೆ. ಅವು ಕೆರೆಯ ಪಂಪಿನ ಜಾತಿಯವು. ವ್ಯಾಟೆಂಬ ಒಂದೇ ಸಂಖ್ಯೆಯನ್ನು ನೋಡಿ ಆಂಪ್ಲಿಫಯರನ್ನು ಕೊಳ್ಳುವುದೂ, ಅಶ್ವಶಕ್ತಿಯೊಂದನ್ನೇ ನೋಡಿ ಪಂಪನ್ನು ಕೊಳ್ಳುವುದೂ ಒಂದೇ ಬಗೆಯ ತಪ್ಪು.

ಇನ್ನು ಲೆಕ್ಕ. ಇದಕ್ಕೆ ಎರಡು ಸಂಖ್ಯೆಗಳು ಬೇಕು. ಒಂದು, ಹೆಡ್‌ಫೋನಿನ ಪ್ರತಿಬಾಧೆ, ಅಂದರೆ ಓಮುಗಳು. ಇನ್ನೊಂದು, ಅದರ ಸಂವೇದಿತೆ, ಅಂದರೆ ಒಂದು ಮಿಲಿವ್ಯಾಟು ಕೊಟ್ಟಾಗ ಅದು ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆಂಬುದು. ಹೈಸ್ಕೂಲಿನ ವಾಚಕರಿಗಾಗಿ ಡೆಸಿಬೆಲಿನ ಎರಡು ಸೂತ್ರಗಳನ್ನು ಹೇಳಿದರೆ ಸಾಕು. ಶಕ್ತಿ ಹತ್ತು ಪಟ್ಟಾದರೆ ೧೦ ಡೆಸಿಬೆಲ್ ಏರುತ್ತದೆ. ಎರಡು ಪಟ್ಟಾದರೆ ೩ ಡೆಸಿಬೆಲ್ ಏರುತ್ತದೆ. ಹತ್ತು ಪಟ್ಟನ್ನು ಎರಡರಿಂದ ಭಾಗಿಸಿದರೆ ಐದು ಪಟ್ಟು, ಅಂದರೆ ೧೦ರಲ್ಲಿ ೩ ಕಳೆದು ೭ ಡೆಸಿಬೆಲ್.

ನಮ್ಮ ವಿದ್ಯಾರ್ಥಿಯ ಹೆಡ್‌ಫೋನಿಗೆ ತಯಾರಕರು ಕೊಟ್ಟಿದ್ದ ಸಂವೇದಿತೆ ೮೮ ಡೆಸಿಬೆಲ್. ಸಂಗೀತವನ್ನು ನಾವು ಹಿತವಾಗಿ ಕೇಳುವುದು ಸುಮಾರು ೭೫ರಿಂದ ೮೦ ಡೆಸಿಬೆಲಿನಲ್ಲಿ. ಆದರೆ ಸಂಗೀತ ಸಮತಟ್ಟಾದುದಲ್ಲ. ಮೃದಂಗದ ಒಂದು ಪೆಟ್ಟು ಸರಾಸರಿಗಿಂತ ೨೦–೨೫ ಡೆಸಿಬೆಲ್ ಮೇಲಕ್ಕೆ ಕ್ಷಣಮಾತ್ರ ನೆಗೆಯುವುದುಂಟು. ಆದುದರಿಂದ ೧೦೫ ಡೆಸಿಬೆಲಿನ ನೆಗೆತಕ್ಕೆ ಎಡೆಯಿರಬೇಕೆಂದು ಇಟ್ಟುಕೊಳ್ಳೋಣ. ೮೮ರಿಂದ ೧೦೫ಕ್ಕೆ ೧೭ ಡೆಸಿಬೆಲ್ ಅಂತರ. ೧೭ ಎಂದರೆ ೧೦ ಮತ್ತು ೭. ಅಂದರೆ ಹತ್ತು ಪಟ್ಟಿನ ಐದು ಪಟ್ಟು, ಐವತ್ತು ಪಟ್ಟು. ಬೇಕಾದ ಶಕ್ತಿ ೫೦ ಮಿಲಿವ್ಯಾಟು. ಒಂದು ವ್ಯಾಟಿನ ಇಪ್ಪತ್ತನೆಯ ಒಂದು ಭಾಗ!

ಮುಂದೆ, ವೋಲ್ಟೇಜಿನ ವರ್ಗವು ಶಕ್ತಿಯನ್ನು ಓಮಿನಿಂದ ಗುಣಿಸಿದುದಕ್ಕೆ ಸಮವೆಂಬುದನ್ನು ಪಠ್ಯಪುಸ್ತಕದಿಂದ ನೆನಪಿಸಿಕೊಳ್ಳಿ. ೦.೦೫ × ೬೦೦ = ೩೦; ಅದರ ವರ್ಗಮೂಲ ಸುಮಾರು ೫.೫ ವೋಲ್ಟು. ಪ್ರವಾಹ ೫.೫ ÷ ೬೦೦, ಅಂದರೆ ಸುಮಾರು ೯ ಮಿಲಿಆಂಪಿಯರ್. ವಿದ್ಯಾರ್ಥಿಯ ಫೋನನ್ನು ನಮ್ಮ ಸಿ.ಆರ್.ಓ. ಯಂತ್ರದಲ್ಲಿ ಅಳೆದಾಗ ಅದು ಕೊಡುತ್ತಿದ್ದುದು ಅರ್ಧ ವೋಲ್ಟು. ಅಷ್ಟರಿಂದ ಈ ಹೆಡ್‌ಫೋನಿನಲ್ಲಿ ಬರಬಹುದಾದ ಅತ್ಯಧಿಕ ಸದ್ದು ೮೪ ಡೆಸಿಬೆಲ್. ನೆಗೆತಗಳೇ ೮೪ರೊಳಗೆ ಅಡಗಬೇಕಾದರೆ ಸರಾಸರಿ ಧ್ವನಿ ಅರವತ್ತರ ಆಸುಪಾಸಿಗೆ ಇಳಿಯಲೇಬೇಕು. ಸೊಳ್ಳೆಯ ಸದ್ದಿನ ಗುಟ್ಟು ಇದು. ಹೆಡ್‌ಫೋನು ಕೆಟ್ಟಿರಲಿಲ್ಲ, ಅದಕ್ಕೆ ಹನ್ನೊಂದು ಪಟ್ಟು ಹೆಚ್ಚು ವೋಲ್ಟೇಜು ಬೇಕಾಗಿದ್ದಿತು, ಅಷ್ಟೇ.

ಇದೇ ಲೆಕ್ಕವನ್ನು ಇನ್ನೆರಡು ಉದಾಹರಣೆಗಳಿಗೆ ಹಾಕಿ ನೋಡಿ. ಚಪ್ಪಟೆ ಪೊರೆಯ ಹೆಡ್‌ಫೋನೊಂದು ೫೦ ಓಮಿನದು, ಸಂವೇದಿತೆ ೯೦ ಡೆಸಿಬೆಲ್ ಎಂದು ಭಾವಿಸೋಣ. ಅದಕ್ಕೆ ೧೦೫ ಡೆಸಿಬೆಲಿಗೆ ಬೇಕಾದುದು ಸುಮಾರು ೩೨ ಮಿಲಿವ್ಯಾಟು; ವೋಲ್ಟೇಜು ೧.೩ಕ್ಕಿಂತ ಕಡಿಮೆ, ಆದರೆ ಪ್ರವಾಹ ೨೫ ಮಿಲಿಆಂಪಿಯರ್. ಇನ್ನೊಂದು ೨೦೦೦ ಓಮಿನದು, ಸಂವೇದಿತೆ ೧೦೦ ಡೆಸಿಬೆಲ್ ಎನ್ನೋಣ. ಒಂದು ವೋಲ್ಟು ಕೊಡುವ ಫೋನಿಗೇ ಅದು ೯೭ ಡೆಸಿಬೆಲ್ ನುಡಿಯುತ್ತದೆ! ೨೦೦೦ ಓಮಿನದು ೬೦೦ ಓಮಿನದಕ್ಕಿಂತ ಸುಲಭವಾಯಿತು. ಓಮುಗಳನ್ನು ಮಾತ್ರ ನೋಡಿ ಹೆದರುವುದಾಗಲಿ, ವ್ಯಾಟುಗಳನ್ನು ಮಾತ್ರ ನೋಡಿ ಹಿಗ್ಗುವುದಾಗಲಿ ಸಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಇಲ್ಲಿ ಒಂದು ಎಚ್ಚರಿಕೆ. ಕೆಲವು ತಯಾರಕರು ಸಂವೇದಿತೆಯನ್ನು ಮಿಲಿವ್ಯಾಟಿಗೆ ಹೇಳುತ್ತಾರೆ, ಕೆಲವರು ವೋಲ್ಟಿಗೆ ಹೇಳುತ್ತಾರೆ. ೩೨ ಓಮಿನ ಹೆಡ್‌ಫೋನಿನಲ್ಲಿ ಒಂದು ವೋಲ್ಟೆಂದರೆ ೩೧ ಮಿಲಿವ್ಯಾಟು, ಅಂದರೆ ೧೫ ಡೆಸಿಬೆಲ್ ಹೆಚ್ಚು. ಆದುದರಿಂದ ‘ವೋಲ್ಟಿಗೆ ೧೦೩’ ಎಂಬ ೩೨ ಓಮಿನ ಹೆಡ್‌ಫೋನೂ ‘ಮಿಲಿವ್ಯಾಟಿಗೆ ೮೮’ ಎಂಬ ನಮ್ಮ ಹಳೆಯ ಹೆಡ್‌ಫೋನೂ ಶಕ್ತಿಯ ಲೆಕ್ಕದಲ್ಲಿ ಸರಿಸಮಾನ. ಒಂದನ್ನು ಸೇರಿನಲ್ಲಿಯೂ ಇನ್ನೊಂದನ್ನು ಕಿಲೋವಿನಲ್ಲಿಯೂ ಅಳೆದು ಯಾವುದು ಹೆಚ್ಚೆಂದು ಕೇಳಬಾರದು.

ಹಾಗಾದರೆ ಆಂಪ್ಲಿಫಯರನ್ನು ಆರಿಸುವಾಗ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳಾವುವು? ನಮ್ಮ ಅಭಿಪ್ರಾಯದಲ್ಲಿ ಮೂರೇ.

ಮೊದಲನೆಯದು: ನನ್ನ ಹೆಡ್‌ಫೋನಿನಷ್ಟೇ ಓಮಿನ ಹೊರೆಗೆ ಇದು ಎಷ್ಟು ವೋಲ್ಟು ಕೊಡುತ್ತದೆ? ‘೩೨ ಓಮಿಗೆ ಇಷ್ಟು ವ್ಯಾಟು’ ಎಂಬ ಉತ್ತರದಿಂದ ೬೦೦ ಓಮಿನವರಿಗೆ ಪ್ರಯೋಜನವಿಲ್ಲ.

ಎರಡನೆಯದು: ಇದರ ಸ್ವಂತ ಹೊರಪ್ರತಿಬಾಧೆ ಎಷ್ಟು? ಅಂತರರಾಷ್ಟ್ರೀಯ ವಿದ್ಯುತ್‌ತಂತ್ರ ಆಯೋಗದ ೧೯೯೬ರ ಮಾನಕವೊಂದರಲ್ಲಿ ೧೨೦ ಓಮನ್ನು ಸೂಚಿಸಿದ್ದಿತು. ಅಂತಹ ಯಂತ್ರಕ್ಕೆ ೬೦೦ ಓಮಿನ ಹೆಡ್‌ಫೋನನ್ನು ಜೋಡಿಸಿದರೆ ನಷ್ಟ ೧.೬ ಡೆಸಿಬೆಲ್ ಮಾತ್ರ. ಕಿವಿಗೆ ಅಷ್ಟಾಗಿ ತಿಳಿಯದು. ೫೦ ಓಮಿನದನ್ನು ಜೋಡಿಸಿದರೆ ಹತ್ತು ಡೆಸಿಬೆಲಿಗೂ ಮೀರಿ ನಷ್ಟ. ಅಷ್ಟೇ ಅಲ್ಲ, ಸುರುಳಿಯ ಹೆಡ್‌ಫೋನುಗಳ ಪ್ರತಿಬಾಧೆ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ಮಂದ್ರದ ಕಡೆ ಅನುರಣನದ ಸ್ಥಾನದಲ್ಲಿ ಅದು ಏರುತ್ತದೆ. ಆಂಪ್ಲಿಫಯರಿನ ಹೊರಪ್ರತಿಬಾಧೆ ಹೆಚ್ಚಾಗಿದ್ದರೆ ಆ ಸ್ವರಗಳು ಮಾತ್ರ ಉಬ್ಬಿ ಕೇಳುತ್ತವೆ. ಹೊರಪ್ರತಿಬಾಧೆ ಹೆಡ್‌ಫೋನಿನ ಎಂಟನೆಯ ಒಂದು ಭಾಗವನ್ನು ಮೀರದಿರಲಿ ಎಂಬುದು ಬಳಕೆಯಲ್ಲಿರುವ ಒಳ್ಳೆಯ ನಿಯಮ. ಹೆಚ್ಚು ಓಮಿನ ಹಳೆಯ ಹೆಡ್‌ಫೋನಿನವರು ಈ ವಿಷಯದಲ್ಲಿ ಅದೃಷ್ಟಶಾಲಿಗಳು.

ಮೂರನೆಯದು: ಸಂಗೀತವಿಲ್ಲದಾಗ ಇದು ಸುಮ್ಮನಿರುತ್ತದೆಯೇ? ಲೌಡ್‌ಸ್ಪೀಕರು ಮಾರು ದೂರದಲ್ಲಿರುತ್ತದೆ, ಹೆಡ್‌ಫೋನು ಕಿವಿಗೇ ಅಂಟಿರುತ್ತದೆ. ಅಲ್ಲಿ ಕೇಳಿಸದ ಗುಂಯ್‌ಗುಟ್ಟುವಿಕೆ ಇಲ್ಲಿ ಕೇಳಿಸುತ್ತದೆ. ಬೇಕಾದುದಕ್ಕಿಂತ ಹೆಚ್ಚು ವರ್ಧಿಸುವ ಯಂತ್ರ ಸದ್ದನ್ನೂ ಹೆಚ್ಚು ವರ್ಧಿಸುತ್ತದೆ. ನಮ್ಮ ೨೦೦ ವ್ಯಾಟಿನ ಸಾಹಸ ಸೋತದ್ದು ಇಲ್ಲಿಯೇ.

ಈ ಮೂರಕ್ಕೆ ಉತ್ತರ ದೊರೆತರೆ ಬೆಲೆ ತಾನಾಗಿಯೇ ಇಳಿಯುತ್ತದೆ. ಮನೆಯಲ್ಲಿ ಹಳೆಯ ಟೇಪ್‌ರೆಕಾರ್ಡರಿನ ಸ್ಟೀರಿಯೋ ಆಂಪ್ಲಿಫಯರು ಮೂಲೆಯಲ್ಲಿ ಕುಳಿತಿದ್ದರೆ ಮೊದಲು ಅದರ ಹೆಡ್‌ಫೋನು ಸಾಕೆಟ್ಟಿನಲ್ಲಿ ಸಿಕ್ಕಿಸಿ ನೋಡಿ. ೮ ಓಮಿಗೆ ೨೦ ವ್ಯಾಟು ಕೊಡುವ ಯಂತ್ರವು ಸುಮಾರು ೧೨.೬ ವೋಲ್ಟು ಕೊಡುವಂಥದು. ಸಾಕೆಟ್ಟಿಗೆ ಹೋಗುವ ದಾರಿಯಲ್ಲಿ ೩೩೦ ಓಮಿನ ರೋಧಕವಿದ್ದರೂ ೬೦೦ ಓಮಿನ ಹೆಡ್‌ಫೋನಿಗೆ ಎಂಟು ವೋಲ್ಟು ತಲುಪುತ್ತದೆ, ಬೇಕಾದುದು ಐದೂವರೆ. ಖರ್ಚು ಸೊನ್ನೆ. ಆದರೆ ಲೌಡ್‌ಸ್ಪೀಕರಿನ ತಂತಿಗಳಿಗೆ ಹೆಡ್‌ಫೋನನ್ನು ನೇರವಾಗಿ ಕಟ್ಟುವ ಸಾಹಸ ಮಾಡಬೇಡಿ. ಹೆಡ್‌ಫೋನು ಸುಟ್ಟುಹೋಗಬಹುದು, ಕೆಲವು ಯಂತ್ರಗಳಲ್ಲಿ ಆಂಪ್ಲಿಫಯರೇ ಹಾಳಾಗಬಹುದು.

ಅದಿಲ್ಲದಿದ್ದರೆ ಕೈಯಾರೆ ಮಾಡಿಕೊಳ್ಳುವ ದಾರಿಯಿದೆ. ಎನ್.ಇ. ೫೫೩೨ ಎಂಬ ಹಳೆಯ, ಅಗ್ಗದ ಐ.ಸಿ. ಒಂದರೊಳಗೆ ಎರಡು ವರ್ಧಕಗಳಿವೆ, ಎಡಕ್ಕೊಂದು ಬಲಕ್ಕೊಂದು. ಸಾಕಷ್ಟು ವೋಲ್ಟೇಜಿನಿಂದ ನಡೆಸಿದರೆ ೬೦೦ ಓಮಿನ ಹೊರೆಗೆ ೧೦ ವೋಲ್ಟು ಕೊಡಬಲ್ಲುದೆಂದು ತಯಾರಕರ ವಿವರಣಪತ್ರದಲ್ಲಿಯೇ ಇದೆ. ನಮ್ಮ ವಿದ್ಯಾರ್ಥಿಯ ಅಗತ್ಯಕ್ಕೆ ಹೇಳಿ ಮಾಡಿಸಿದಂತಹ ವಸ್ತು. ಒಂದು ಸಾವಿರ ಓಮಿನ ಮತ್ತು ಹತ್ತು ಸಾವಿರ ಓಮಿನ ಎರಡು ರೋಧಕಗಳಿಂದ ವರ್ಧನೆ ೧ + ೧೦, ಅಂದರೆ ಹನ್ನೊಂದು ಪಟ್ಟಾಗುತ್ತದೆ; ಅರ್ಧ ವೋಲ್ಟು ಐದೂವರೆ ವೋಲ್ಟಾಗುತ್ತದೆ. ೯ ವೋಲ್ಟಿನ ಎರಡು ಬ್ಯಾಟರಿಗಳನ್ನು ಜೋಡಿಸಿದರೆ ಐ.ಸಿ.ಯೊಳಗಿನ ನಷ್ಟ ಕಳೆದು ಸುಮಾರು ೫.೩ ವೋಲ್ಟು ದೊರೆಯುತ್ತದೆ. ಕೊರತೆ ಡೆಸಿಬೆಲಿನ ಮೂರನೆಯ ಒಂದು ಭಾಗ ಮಾತ್ರ. ಬ್ಯಾಟರಿಯಾದುದರಿಂದ, ಪಂಪುಸೆಟ್ಟುಗಳು ನಡೆಯುವ ಹೊತ್ತಿನಲ್ಲಿ ತೋಟದ ಮನೆಗಳ ದೀಪ ಮಂಕಾದರೂ ಇದಕ್ಕೆ ಬಾಧೆಯಿಲ್ಲ, ಗುಂಯ್ ಎಂಬ ಸದ್ದೂ ಇಲ್ಲ. ಮನೆಯ ೨೩೦ ವೋಲ್ಟಿನ ವಿದ್ಯುತ್ತನ್ನು ಮುಟ್ಟುವ ಕೆಲಸವನ್ನು ಅಧ್ಯಾಪಕರ ಎದುರಿನಲ್ಲಲ್ಲದೆ ಮಾಡಕೂಡದೆಂದು ಇಲ್ಲಿಯೇ ಹೇಳಿಬಿಡುತ್ತೇವೆ.

ಇನ್ನೂ ಅಚ್ಚುಕಟ್ಟಾದುದು ಬೇಕೆನ್ನುವವರಿಗೆ ೨೦೧೧ರಲ್ಲಿ ಹೆಸರು ಹೇಳಿಕೊಳ್ಳಲಿಚ್ಛಿಸದ ಎಂಜಿನಿಯರೊಬ್ಬರು ತಾವು ರಚಿಸಿದ ‘ಓ-೨’ ಎಂಬ ಹೆಡ್‌ಫೋನು ಆಂಪ್ಲಿಫಯರಿನ ನಕ್ಷೆಯನ್ನೂ ಅಳತೆಗಳನ್ನೂ ಲೋಕಕ್ಕೆ ಉಚಿತವಾಗಿ ಕೊಟ್ಟಿದ್ದಾರೆ. ಅದು ೬೦೦ ಓಮಿಗೆ ಸುಮಾರು ಏಳು ವೋಲ್ಟು ಕೊಡುತ್ತದೆ. ಒಳ್ಳೆಯ ಯಂತ್ರಕ್ಕೆ ರಹಸ್ಯದ ಆವರಣ ಅನಗತ್ಯವೆಂಬುದನ್ನು ಆ ಅನಾಮಧೇಯರು ತೋರಿಸಿಕೊಟ್ಟರು.

ನಮ್ಮ ಮಾತಿಗೆ ಆಕ್ಷೇಪವಿಲ್ಲದಿಲ್ಲ. “ಲೆಕ್ಕ ಏನಾದರೂ ಹೇಳಲಿ, ದುಬಾರಿ ಆಂಪ್ಲಿಫಯರಿನಲ್ಲಿ ನನಗೆ ಇಂಪಾಗಿ ಕೇಳಿಸಿತು, ಕಿವಿಯಲ್ಲವೇ ಕೊನೆಯ ಪ್ರಮಾಣ?” ಎಂದು ಸಂಗೀತಪ್ರಿಯರಾದ ಸಹೋದ್ಯೋಗಿಯೊಬ್ಬರು ನಮ್ಮನ್ನು ಕೇಳಿದ್ದುಂಟು. ಕಿವಿಯೇ ಪ್ರಮಾಣವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅಟ್ಟದ ಕಾಯನ್ನು ಪರೀಕ್ಷಿಸುವವರು ಎರಡು ಕಾಯಿಗಳನ್ನು ಒಂದೇ ರೀತಿ ಅಲ್ಲಾಡಿಸುತ್ತಾರೆ. ಒಂದನ್ನು ಮೆಲ್ಲಗೆ ಇನ್ನೊಂದನ್ನು ಜೋರಾಗಿ ಅಲ್ಲಾಡಿಸಿ ತೀರ್ಪು ಕೊಡುವುದಿಲ್ಲ. ಎರಡು ಆಂಪ್ಲಿಫಯರುಗಳಲ್ಲಿ ಒಂದು ಒಂದೇ ಒಂದು ಡೆಸಿಬೆಲ್ ಜೋರಾಗಿದ್ದರೂ ಅದೇ ಇಂಪಾಗಿದೆಯೆಂದು ಮನಸ್ಸು ಹೇಳುತ್ತದೆ. ಎರಡರ ವೋಲ್ಟೇಜನ್ನು ಅಳೆದು ಸಮಮಾಡಿ, ಯಾವುದು ಯಾವುದೆಂದು ತಿಳಿಯದಂತೆ ಮಿತ್ರರೊಬ್ಬರಿಂದ ಬದಲಾಯಿಸಿ ಕೇಳಿ. ಆಗಲೂ ವ್ಯತ್ಯಾಸ ಕಂಡರೆ ಅದು ನಿಜವಾದ ವ್ಯತ್ಯಾಸ. ಬೆಲೆಯ ಯಂತ್ರಗಳೆಲ್ಲ ವಂಚನೆಯೆಂದು ನಾವು ಹೇಳುವುದಿಲ್ಲ. ಗಟ್ಟಿಯಾದ ಕಟ್ಟಡ, ಬಾಳಿಕೆ, ಖಾತರಿ, ನೋಟದ ಅಂದ, ಇವಕ್ಕೂ ಬೆಲೆಯುಂಟು, ಉಳ್ಳವರು ಕೊಳ್ಳಲಿ. ಆದರೆ ಬಯಕೆಯನ್ನು ಅಗತ್ಯವೆಂದು ಕರೆದು ರೈತನ ಮಗನಿಗೆ ಮಾರುವುದು ಸರಿಯಲ್ಲ.

ಹಣವಿದ್ದರೆ ಮೊದಲು ಹೆಡ್‌ಫೋನಿಗೇ ಖರ್ಚುಮಾಡುವುದು ಮೇಲು. ಹಳೆಯ ಹೆಡ್‌ಫೋನುಗಳಲ್ಲಿ ಕಿವಿಯ ಮೆತ್ತೆ ಪುಡಿಯಾಗಿರುತ್ತದೆ, ತಂತಿ ಒಳಗೇ ಮುರಿದಿರುತ್ತದೆ. ಮೆತ್ತೆ ಹೋದ ಹೆಡ್‌ಫೋನಿನಲ್ಲಿ ಮಂದ್ರಸ್ವರ ಸೋರಿಹೋಗುತ್ತದೆ. ಯಾವ ಆಂಪ್ಲಿಫಯರೂ ಅದನ್ನು ಹಿಂದಕ್ಕೆ ತಾರದು. ಮಲ್ಟಿಮೀಟರಿನಿಂದ ಎಡ ಬಲಗಳೆರಡನ್ನೂ ಅಳೆದು, ಎರಡೂ ಹೆಚ್ಚುಕಡಿಮೆ ಒಂದೇ ಓಮನ್ನು ತೋರಿಸುತ್ತವೆಯೇ ಎಂದು ಮೊದಲು ನೋಡಬೇಕು.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯವಾದುದು. ೬೦೦ ಓಮಿಗಾಗಿ ಮಾಡಿದ ಆಂಪ್ಲಿಫಯರಿಗೆ ಮರೆತು ಇಂದಿನ ೩೨ ಓಮಿನ ಹೆಡ್‌ಫೋನನ್ನು ಸಿಕ್ಕಿಸಿದರೆ ಏನಾದೀತು? ಸಂವ್ಯೂಹವು ಐದೂವರೆ ವೋಲ್ಟನ್ನು ಅದಕ್ಕೂ ಕೊಡಬಲ್ಲುದಾದರೆ ಶಕ್ತಿ ಒಂದು ವ್ಯಾಟಿನ ಹತ್ತಿರ. ಸಂವೇದಿತೆ ೧೦೦ ಆಗಿದ್ದರೆ ಸದ್ದು ೧೩೦ ಡೆಸಿಬೆಲ್! ಕಿವಿಗೆ ಅದು ಪೆಟ್ಟು. ಹೆಡ್‌ಫೋನನ್ನು ಬದಲಾಯಿಸುವ ಮುನ್ನ ಗುಂಡಿಯನ್ನು ಪೂರ್ತಿ ಇಳಿಸುವುದು ಮುರಿಯಬಾರದ ನಿಯಮ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ ೮೦ ಡೆಸಿಬೆಲಿನಲ್ಲಿ ೪೦ ಗಂಟೆ ಕೇಳಬಹುದು. ೩ ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ: ೮೩ಕ್ಕೆ ೨೦ ಗಂಟೆ, ೮೬ಕ್ಕೆ ೧೦, ೮೯ಕ್ಕೆ ಐದೇ ಗಂಟೆ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, ೭೫ ಡೆಸಿಬೆಲ್. ಹೆಡ್‌ಫೋನಿನ ಸುರುಳಿ ಸುಟ್ಟರೆ ಹೊಸದು ಸಿಕ್ಕೀತು. ಒಳಕಿವಿಯ ರೋಮಕೋಶಗಳು ಸತ್ತರೆ ಮರಳಿ ಹುಟ್ಟುವುದಿಲ್ಲ. ಮುಂದೊಂದು ದಿನ ಅಟ್ಟದ ಕಾಯನ್ನು ಅಲ್ಲಾಡಿಸಿ ಕೇಳಬೇಕಾದ ಕಿವಿಗಳೂ ಇವೇ.

ನಮ್ಮ ನಾಡಿನ ಬಾನುಲಿಯ ಆರಂಭವನ್ನು ಇಲ್ಲಿ ನೆನೆಯುವುದು ಉಚಿತ. ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದುದು ೩೦ ವ್ಯಾಟಿನ ಪ್ರೇಷಕದಿಂದ. ಅವರು ಕಲಿಸುತ್ತಿದ್ದುದು ಭೌತಶಾಸ್ತ್ರವಲ್ಲ, ಮನಶ್ಶಾಸ್ತ್ರ! ಊರಿಗೆಲ್ಲ ಮಾತು ತಲುಪಿಸಲು ೩೦ ವ್ಯಾಟು ಸಾಕಾಗಿದ್ದಿತು. ಒಬ್ಬನ ಎರಡು ಕಿವಿಗಳಿಗೆ ಎಷ್ಟು ಬೇಕೆಂಬುದನ್ನು ವಾಚಕರೇ ಯೋಚಿಸಲಿ.

ಹಾಳೆ ಪೆನ್ಸಿಲುಗಳೊಡನೆ ಮರುದಿನ ಬಂದ ಆ ವಿದ್ಯಾರ್ಥಿಯು ಲೆಕ್ಕವನ್ನು ಎರಡು ಸಲ ಹಾಕಿದನು. ಮೊದಲ ಸಲ ಮಿಲಿವ್ಯಾಟನ್ನು ವ್ಯಾಟಾಗಿಸುವಾಗ ಸೊನ್ನೆಯೊಂದನ್ನು ಬಿಟ್ಟಿದ್ದನು. ಆಮೇಲೆ ರೋಧಪೆಟ್ಟಿಗೆಯನ್ನು ಹೆಡ್‌ಫೋನಿನೊಡನೆ ಸರಣಿಯಲ್ಲಿ ಜೋಡಿಸಿ, ಎರಡರ ಮೇಲೂ ವೋಲ್ಟೇಜು ಸಮನಾಗುವವರೆಗೆ ಬದಲಾಯಿಸಿ, ಅಚ್ಚಾಗಿದ್ದ ೬೦೦ ಎಂಬ ಸಂಖ್ಯೆ ನಿಜವೆಂದು ತಾನೇ ಕಂಡುಕೊಂಡನು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು, ಇಬ್ಬರು ಗೆಳೆಯರೊಡನೆ ಎರಡು ಶನಿವಾರಗಳಲ್ಲಿ ಆಂಪ್ಲಿಫಯರನ್ನು ಬೆಸುಗೆ ಹಾಕಿದನು. ಪೆಟ್ಟಿಗೆ, ಬ್ಯಾಟರಿ ಎಲ್ಲ ಸೇರಿ ಆರುನೂರು ರೂಪಾಯಿ ಮೀರಲಿಲ್ಲ. ಮೊದಲ ದಿನ ಬಲಗಡೆ ಹಾಡಲಿಲ್ಲ. ಒಂದು ಬೆಸುಗೆ ಹಿಡಿದಿರಲಿಲ್ಲ. ಅದನ್ನು ಅವನೇ ಹುಡುಕಿ ಸರಿಪಡಿಸಿದನು. ಅವನ ತಂದೆಯ ಕೊಬ್ಬರಿ ಹಣದಲ್ಲಿ ಬಹುಭಾಗ ಆ ವರ್ಷ ಸುಟ್ಟುಹೋದ ಪಂಪಿನ ಮೋಟಾರಿಗೆ ಹೋಯಿತೆಂದು ಆಮೇಲೆ ತಿಳಿಯಿತು. ಆಂಪ್ಲಿಫಯರು ಕೊಂಡಿದ್ದರೆ ಆ ಮೋಟಾರಿಗೆ ಸಾಲವಾಗುತ್ತಿತ್ತು.

ಓಮನ ನಿಯಮವನ್ನು ನಾವು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುತ್ತೇವೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ. ಅದೇ ವಿದ್ಯಾರ್ಥಿ ಅಂಗಡಿಯಲ್ಲಿ ನಿಂತಾಗ ಆ ನಿಯಮ ಅವನ ನೆನಪಿಗೆ ಬಾರದಿದ್ದರೆ ತಪ್ಪು ಅವನದಲ್ಲ, ಕಲಿಸಿದ ನಮ್ಮದು. ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ವಿದ್ಯಾರ್ಥಿಗಳು ತಮ್ಮ ಮನೆಯ ಹೆಡ್‌ಫೋನನ್ನೋ, ರೇಡಿಯೋವನ್ನೋ, ಮೋಟಾರನ್ನೋ ತಂದು ಅಳೆಯುವ ಒಂದು ಪ್ರಯೋಗವನ್ನು ವರ್ಷಕ್ಕೊಮ್ಮೆಯಾದರೂ ಏರ್ಪಡಿಸಬೇಕೆಂದು ಅಧ್ಯಾಪಕ ಮಿತ್ರರಲ್ಲಿ ನಮ್ಮ ವಿನಂತಿ. ತರುಣ ವಾಚಕರಲ್ಲಿ ವಿನಂತಿ ಇನ್ನೂ ಚಿಕ್ಕದು: ಹಣವನ್ನು ಎಣಿಸುವ ಮುನ್ನ ವೋಲ್ಟನ್ನು ಎಣಿಸಿ.